ಐಟಿ ಉದ್ಯಮಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಕೊಟ್ಟದ್ದೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಹಿತಿ ತಂತ್ರಜ್ಞಾನ ಉದ್ಯಮ ಮತ್ತು ವಿಶ್ವವಿದ್ಯಾಲಯಗಳ ಸಂಶೋಧನೆಗೆ ಸಂಬಂಧಿಸಿದಂತೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ಐಟಿ ಉದ್ಯಮ ನಾಲ್ಕು ದಶಕಗಳಿಂದ ಬೆಳೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯೂ ಅದೇ ಊರಿನಲ್ಲಿದೆ. ಹಾಗಿದ್ದೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಗೂಗಲ್ ಹುಟ್ಟಿದಂತೆ ನಮ್ಮಲ್ಲಿ ಏಕೆ ಏನೂ ಹುಟ್ಟಲಿಲ್ಲ? ನಮ್ಮವರಿಗೆ ಪ್ರತಿಭೆ ಸಾಲದೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ)

ಪ್ರತಿಭೆ ಸಾಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2002ರ ಆಗಸ್ಟ್ ತಿಂಗಳಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಅವರೂ ಅದೇ ವರ್ಷ ಬಿ.ಟೆಕ್. ಮುಗಿಸಿದ್ದ ಅವರ ಇಬ್ಬರು ಶಿಷ್ಯರಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರೂ ಸೇರಿ, ಕೊಟ್ಟ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಯಾವುದೇ ಊಹೆ, ಸಂಭವನೀಯತೆಗಳ ಆಸರೆಯಿಲ್ಲದೆ ಕಂಪ್ಯೂಟರ್ ದಕ್ಷವಾಗಿ, ಖಚಿತವಾಗಿ ಹೇಳಬಲ್ಲ ವಿಧಾನವನ್ನು ಕೊಟ್ಟರು. ಜಗತ್ತಿನ ಗಣಿತಜ್ಞರು ಬಹುಕಾಲ ಹುಡುಕಿದ್ದ ಉತ್ತರ ಅದು, ಮತ್ತು 2006ರಲ್ಲಿ ಅದಕ್ಕೆ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಗೋಡೆಲ್ ಪ್ರಶಸ್ತಿ ಬಂತು. ಇಂಥದ್ದನ್ನು ಮಾಡಬಲ್ಲ ವಿದ್ಯಾರ್ಥಿಗಳು ನಮ್ಮ ಸಂಸ್ಥೆಗಳಲ್ಲಿ ಇದ್ದಾರೆ. ಕೊರತೆ ಇರುವುದು ಬೇರೆ ಕಡೆ, ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1857ರಲ್ಲಿ ಕಲ್ಕತ್ತಾ, ಬಾಂಬೆ ಮತ್ತು ಮದ್ರಾಸಿನಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಮಾಡುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಸಂಶೋಧನೆಗೆ ಆ ಏರ್ಪಾಡಿನಲ್ಲಿ ಜಾಗವೇ ಇರಲಿಲ್ಲ. 1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಬಂತು, ಸ್ವಾತಂತ್ರ್ಯಾನಂತರ ಅದರ ರಾಷ್ಟ್ರೀಯ ಪ್ರಯೋಗಾಲಯಗಳು ಒಂದೊಂದಾಗಿ ಎದ್ದವು, ಪರಮಾಣು ಇಲಾಖೆ ಮತ್ತು ರಕ್ಷಣಾ ಇಲಾಖೆಗಳೂ ತಮ್ಮವೇ ಆದ ಪ್ರಯೋಗಾಲಯಗಳನ್ನು ಕಟ್ಟಿಕೊಂಡವು. ಹೀಗೆ ಸಂಶೋಧನೆಗೆ ಹಣ, ಉಪಕರಣ, ಹುದ್ದೆಗಳು ಒಂದು ಕಡೆಗೂ ವಿದ್ಯಾರ್ಥಿಗಳು ಇನ್ನೊಂದು ಕಡೆಗೂ ಉಳಿದರು. ನಮ್ಮ ಇಂಜಿನಿಯರಿಂಗ್ ಶಿಕ್ಷಣದ ಬಹುಭಾಗ ಇಂದಿಗೂ ಇದೇ ಸಂಯೋಜಿತ ಕಾಲೇಜುಗಳ ಮಾದರಿಯಲ್ಲಿದೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದಕ್ಕೆ ಹೊರತಲ್ಲ. ವಾರಪೂರ್ತಿ ತರಗತಿ, ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಮಾನ್ಯತೆಯ ಕಡತಗಳಲ್ಲಿ ಮುಳುಗಿರುವ ಉಪನ್ಯಾಸಕರಿಂದ ಹೊಸ ಆವಿಷ್ಕಾರವನ್ನು ನಿರೀಕ್ಷಿಸುವವರು, ಅವರಿಗೆ ಅದಕ್ಕೆ ಯಾವ ಹೊತ್ತನ್ನು ಉಳಿಸಿದ್ದೇವೆ ಎಂಬುದನ್ನು ಮೊದಲು ಹೇಳಬೇಕು.

ಕಂಪ್ಯೂಟರ್ ವಿಷಯದಲ್ಲಿ ಒಂದು ಒಳ್ಳೆಯ ಆರಂಭವೂ ಆಗಿತ್ತು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದಾಗ ಅದನ್ನು ಬೀಗ ಹಾಕಿ ಇಡದೆ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಅಲ್ಲಿ ಕಂಪ್ಯೂಟರ್ ವಿಜ್ಞಾನದ ಬೋಧನೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ವಿ. ರಾಜಾರಾಮನ್ ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ದೇಶದ ಉದ್ದಗಲಕ್ಕೂ ಹರಡಿದ ಎಂಸಿಎ ಪದವಿಯ ರೂಪುರೇಷೆಯ ಹಿಂದೆ ಇದ್ದವರೂ ಅವರೇ. ಇನ್ಫೋಸಿಸ್‌ನ ನಾರಾಯಣ ಮೂರ್ತಿ ಐಐಟಿ ಕಾನ್ಪುರದಲ್ಲೇ ಎಂ.ಟೆಕ್. ಮಾಡಿದವರು. 1966ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮತ್ತು ಜಾದವ್‌ಪುರ ವಿಶ್ವವಿದ್ಯಾಲಯ ಒಟ್ಟಾಗಿ ಒಂದು ಕಂಪ್ಯೂಟರನ್ನೇ ನಿರ್ಮಿಸಿದ್ದವು ಎಂಬುದು ಇಂದು ಹೆಚ್ಚಿನವರಿಗೆ ನೆನಪಿಲ್ಲ.

ಆದರೆ ವಿಶ್ವವಿದ್ಯಾಲಯದಿಂದ ಉದ್ಯಮಕ್ಕೆ ಹರಿದದ್ದು ಜನ. ವಿಚಾರಗಳು ಹರಿಯಲಿಲ್ಲ. ನಮ್ಮ ಐಟಿ ಉದ್ಯಮ ಬೆಳೆದದ್ದು ಹೊರದೇಶದ ಗ್ರಾಹಕನ ಕೆಲಸವನ್ನು ಅಚ್ಚುಕಟ್ಟಾಗಿ, ಹೇಳಿದ ಸಮಯಕ್ಕೆ, ಕಡಿಮೆ ಖರ್ಚಿನಲ್ಲಿ ಮಾಡಿಕೊಟ್ಟು. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ, ಲಕ್ಷಾಂತರ ಮನೆಗಳ ಬದುಕು ಅದರಿಂದ ಬದಲಾಗಿದೆ. ಆದರೆ ಆ ವ್ಯವಹಾರದಲ್ಲಿ ಸಮಸ್ಯೆ ಗ್ರಾಹಕನದು, ಅದರ ಪರಿಹಾರದ ಒಡೆತನವೂ ಸಾಮಾನ್ಯವಾಗಿ ಅವನದೇ. ಇಂಥ ಕಂಪನಿಯು ವಿಶ್ವವಿದ್ಯಾಲಯದ ಬಾಗಿಲು ತಟ್ಟಿದಾಗ ಅದಕ್ಕೆ ಬೇಕಾಗಿರುವುದು ಒಳ್ಳೆಯ ಇಂಗ್ಲಿಷ್, ತಾರ್ಕಿಕ ಬುದ್ಧಿ ಇರುವ ಪದವೀಧರರು. ಬಗೆಹರಿಯದ ಪ್ರಶ್ನೆಯೊಂದನ್ನು ಹಿಡಿದು ಪ್ರಾಧ್ಯಾಪಕರ ಕೋಣೆಗೆ ಹೋಗುವ ಅಗತ್ಯ ಅದಕ್ಕೆ ಬೀಳಲೇ ಇಲ್ಲ. ಆದ್ದರಿಂದ ಕಾಲೇಜಿನ ನೇಮಕಾತಿ ವಿಭಾಗ ಬೆಳೆಯಿತು, ಪ್ರಯೋಗಾಲಯ ಇದ್ದಲ್ಲೇ ಇತ್ತು. ಇದಕ್ಕೆ ವಿನಾಯಿತಿಗಳಿವೆ. ಟಿಸಿಎಸ್ ಕಂಪನಿಯ ಮುಖ್ಯಸ್ಥರಾಗಿದ್ದ ಎಫ್.ಸಿ. ಕೊಹ್ಲಿ ಅವರ ಆಸಕ್ತಿಯಿಂದ 1981ರಲ್ಲೇ ಪುಣೆಯಲ್ಲಿ ಟಾಟಾ ಸಂಶೋಧನಾ ಕೇಂದ್ರ ಆರಂಭವಾಗಿತ್ತು. ಆದರೆ ವಿನಾಯಿತಿಗಳು ಸಂಪ್ರದಾಯವಾಗಲಿಲ್ಲ.

ಪ್ರಶ್ನೆ: ‘ಸಿಂಪ್ಯೂಟರ್’ ಎಂಬ ಅಗ್ಗದ ಕಂಪ್ಯೂಟರನ್ನು ಬೆಂಗಳೂರಿನಲ್ಲೇ ಮಾಡಿದ್ದರು ಎಂದು ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳಿದರು. ಅದು ಏನಾಯಿತು? ಅಷ್ಟು ಒಳ್ಳೆಯದಿದ್ದರೆ ಏಕೆ ಉಳಿಯಲಿಲ್ಲ?
(ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ, ತುಮಕೂರು)

ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ. ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಎಂಬ ಬೆಂಗಳೂರಿನ ಕಂಪನಿಯ ತಂತ್ರಜ್ಞರೊಂದಿಗೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೂಲಮಾದರಿಯನ್ನು ಜನರ ಮುಂದಿಟ್ಟರು. ಅಂಗೈ ಅಗಲದ ಸಾಧನ, ಮುಟ್ಟಿ ಕೆಲಸ ಮಾಡಿಸುವ ಪರದೆ, ಒಳಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಪಕ್ಕದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ.

ಆ ಕಿಂಡಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಪ್ರತಿ ಬಡ ಕುಟುಂಬವೂ ಒಂದು ಕಂಪ್ಯೂಟರ್ ಕೊಳ್ಳಲಾರದು ಎಂಬುದನ್ನು ಈ ತಂಡ ಮೊದಲೇ ಒಪ್ಪಿಕೊಂಡಿತ್ತು. ಅವರ ಲೆಕ್ಕದಲ್ಲಿ ಸಾಧನ ಊರಿಗೆ ಒಂದು, ಕಾರ್ಡು ಮಾತ್ರ ಪ್ರತಿಯೊಬ್ಬರಿಗೂ. ಪಂಚಾಯ್ತಿಯಲ್ಲೋ ಅಂಗಡಿಯಲ್ಲೋ ಇರುವ ಸಿಂಪ್ಯೂಟರಿಗೆ ರೈತ ತನ್ನ ಕಾರ್ಡು ಹಾಕಿದರೆ ಅವನ ಮಾಹಿತಿ ಕಾಣಬೇಕು, ತೆಗೆದರೆ ಮಾಯವಾಗಬೇಕು. ಅಕ್ಷರ ಬಾರದವರಿಗಾಗಿ ಪಠ್ಯವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವೂ ಇದರ ಜೊತೆಗೇ ರೂಪುಗೊಂಡಿತು, ಅದು ಕನ್ನಡವನ್ನೂ ಓದುತ್ತಿತ್ತು. ಯಂತ್ರಾಂಶದ ವಿನ್ಯಾಸವನ್ನೇ ಮುಕ್ತ ಪರವಾನಗಿಯ ಅಡಿಯಲ್ಲಿ ಹೊರಗಿಟ್ಟರು. ಮೂಲ ಕೋಡನ್ನು ಎಲ್ಲರಿಗೂ ತೆರೆದಿಡುವ ಮುಕ್ತ ತಂತ್ರಾಂಶದ ಮಾತು ಆಗ ಕೇಳಿಬರುತ್ತಿತ್ತಾದರೂ ಮುಕ್ತ ಯಂತ್ರಾಂಶ ಎಂಬುದು ಜಗತ್ತಿಗೇ ಹೊಸದು. ಇದೆಲ್ಲ ಐಫೋನ್ ಬರುವುದಕ್ಕೆ ಆರು ವರ್ಷ ಮೊದಲು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮಾದರಿಯಲ್ಲಿ ಸಾಧನವನ್ನು ಕೈಯಲ್ಲಿ ವಾಲಿಸಿದರೆ ಅದನ್ನು ಗುರುತಿಸಿ ಪುಟ ತಿರುಗಿಸುವ ಸೌಲಭ್ಯವೂ ಇತ್ತು.

ಅದು ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭವಾಗುತ್ತಿತ್ತು. ಲಕ್ಷಗಟ್ಟಲೆ ತಯಾರಾಗದ ಹೊರತು ಬಿಡಿಭಾಗಗಳ ಬೆಲೆ ಇಳಿಯದು, ಬೆಲೆ ಇಳಿಯದ ಹೊರತು ಲಕ್ಷಗಟ್ಟಲೆ ಮಾರಾಟವಾಗದು. ಈ ಗಂಟನ್ನು ಬಿಡಿಸಬಲ್ಲ ಗ್ರಾಹಕ ಒಬ್ಬನೇ, ಅದು ಸರ್ಕಾರ. ಶಾಲೆ, ಕಂದಾಯ, ಆರೋಗ್ಯ ಇಲಾಖೆಗಳು ದೊಡ್ಡ ಪ್ರಮಾಣದಲ್ಲಿ ಕೊಂಡಿದ್ದರೆ ಕಥೆ ಬೇರೆಯಾಗುವ ಅವಕಾಶವಿತ್ತು. ಬಿಡಿಬಿಡಿ ಪ್ರಯೋಗಗಳು ನಡೆದವು, ಮೆಚ್ಚುಗೆಯ ಮಾತುಗಳು ಬಂದವು, ದೊಡ್ಡ ಆದೇಶ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಟೆಂಡರ್ ಪದ್ಧತಿಯಲ್ಲಿ ಲಿಖಿತ ನಿಯಮದಂತೆಯೇ ಕೂತಿದೆ: ಹಿಂದೆ ಇಷ್ಟು ಕೋಟಿಯ ಪೂರೈಕೆ ಮಾಡಿದ ಅನುಭವ ಬೇಕು ಎಂಬ ಷರತ್ತನ್ನು ಪ್ರಯೋಗಾಲಯದಿಂದ ಈಗಷ್ಟೇ ಹೊರಬಂದ ಸಂಸ್ಥೆ ಎಲ್ಲಿಂದ ಪೂರೈಸಬೇಕು? ಅಷ್ಟರಲ್ಲಿ ಮೊಬೈಲ್ ಫೋನಿನ ಬೆಲೆ ಕುಸಿಯತೊಡಗಿತು, ಅಂಗೈ ಕಂಪ್ಯೂಟರಿನ ಜಾಗವನ್ನು ಅದೇ ತುಂಬಿತು.

ಇದೇ ಕಾಲದ ಇನ್ನೊಂದು ಉದಾಹರಣೆಯೊಂದಿಗೆ ಇಟ್ಟು ನೋಡಿ. ಐಐಟಿ ಮದ್ರಾಸಿನಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ, ತಮ್ಮ ಹಳೆಯ ವಿದ್ಯಾರ್ಥಿಗಳ ಮಿಡಾಸ್ ಕಂಪನಿಯೊಂದಿಗೆ ಸೇರಿ, ತಂತಿ ಎಳೆಯದೆ ಹಳ್ಳಿಗಳಿಗೆ ದೂರವಾಣಿ ಮತ್ತು ಅಂತರ್ಜಾಲ ಮುಟ್ಟಿಸುವ ‘ಕಾರ್‌ಡೆಕ್ಟ್’ ವ್ಯವಸ್ಥೆಯನ್ನು 1990ರ ದಶಕದಲ್ಲಿ ರೂಪಿಸಿತು. ಅದನ್ನೂ ಮೊಬೈಲ್ ಹಿಂದಿಕ್ಕಿತು. ಆದರೆ ಅಲ್ಲಿ ಒಂದು ಅಭ್ಯಾಸ ಉಳಿಯಿತು. ಮುಂದೆ ಚೆನ್ನೈನಲ್ಲಿ ಅವರು ಕಟ್ಟಿದ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕಿನಲ್ಲಿ ಜಾಗ ಪಡೆದ ಕಂಪನಿಗಳು ಬಾಡಿಗೆ ಕಟ್ಟಿದರಷ್ಟೇ ಸಾಲದು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳೊಂದಿಗೆ ಸಂಶೋಧನೆಯಲ್ಲಿ ತೊಡಗಿ ಅಂಕಗಳನ್ನೂ ಗಳಿಸಬೇಕು. ಅದೇ ಸಂಸ್ಥೆಯಲ್ಲಿ ವಿ. ಕಾಮಕೋಟಿ ಅವರ ತಂಡ ಮುಕ್ತ ವಿನ್ಯಾಸವಾದ ರಿಸ್ಕ್-ಫೈವ್ ಆಧಾರದ ಮೇಲೆ ‘ಶಕ್ತಿ’ ಪ್ರೊಸೆಸರ್‌ಗಳನ್ನು, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್ಪುಗಳನ್ನು, ರೂಪಿಸಿತು. 2018ರಲ್ಲಿ ಒಂದನ್ನು ಚಂಡೀಗಢ ಪಕ್ಕದ ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆಯಲ್ಲಿ 180 ನ್ಯಾನೊಮೀಟರ್ (ಈ ಸಂಖ್ಯೆ ಚಿಕ್ಕದಾದಷ್ಟೂ ಚಿಪ್ಪಿನ ಭಾಗಗಳು ಸೂಕ್ಷ್ಮ) ತಂತ್ರಜ್ಞಾನದಲ್ಲೂ ಇನ್ನೊಂದನ್ನು ಇಂಟೆಲ್‌ನ 22 ನ್ಯಾನೊಮೀಟರ್ ತಂತ್ರಜ್ಞಾನದಲ್ಲೂ ತಯಾರಿಸಿದರು. 2025ರಲ್ಲಿ ಇಸ್ರೊ ಜೊತೆಗೂಡಿ, ಇದೇ ಪ್ರೊಸೆಸರನ್ನು ಆಧರಿಸಿದ ‘ಐರಿಸ್’ ಎಂಬ ಬಾಹ್ಯಾಕಾಶ ಬಳಕೆಯ ಚಿಪ್ಪನ್ನು ಹೊರತಂದರು. ಇಲ್ಲಿ ಇಸ್ರೊ ಮೊದಲ ಬಳಕೆದಾರನಾಗಿ ಮುಂದೆ ಬಂದಿತು. ಸಿಂಪ್ಯೂಟರಿಗೆ ಸಿಗದೆ ಹೋದದ್ದು ಅಂಥ ಬಳಕೆದಾರ.

ಇನ್ನು, ಸಿಂಪ್ಯೂಟರಿನ ಆ ನಾಲ್ವರೂ 2000ದಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಎಂಬ ಕಂಪನಿ ಜೀನುಗಳ ಮಾಹಿತಿಯನ್ನು ವಿಶ್ಲೇಷಿಸುವ ತಂತ್ರಾಂಶದಲ್ಲಿ ಹೆಸರು ಮಾಡಿ ಇಂದಿಗೂ ಇದೆ. ಪ್ರಾಧ್ಯಾಪಕರಾಗಿದ್ದುಕೊಂಡೇ ಕಂಪನಿ ಕಟ್ಟಲು ವಿಜ್ಞಾನ ಸಂಸ್ಥೆ ಅವರಿಗೆ ಅವಕಾಶ ಕೊಟ್ಟಿತ್ತು. ನಿಮ್ಮ ಮೇಷ್ಟ್ರಿಗೆ ಇದನ್ನೂ ಹೇಳಿ.

ಪ್ರಶ್ನೆ: ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಪರಿಸ್ಥಿತಿ ಹೇಗಿದೆ? ಅವು ನಮಗಿಂತ ಹಿಂದಿವೆ ಎಂದು ಭಾವಿಸಬಹುದೇ?
(ಅರ್ಥಶಾಸ್ತ್ರ ಉಪನ್ಯಾಸಕರು, ಮೈಸೂರು)

ಹಾಗೆ ಭಾವಿಸಬಾರದು. ಉದ್ಯಮದ ಗಾತ್ರದಲ್ಲಿ ಭಾರತ ಬಹಳ ದೊಡ್ಡದು, ನಿಜ. ಆದರೆ ವಿಶ್ವವಿದ್ಯಾಲಯ ಮತ್ತು ಉದ್ಯಮದ ನಡುವಿನ ಕೊಂಡಿಯನ್ನು ನೋಡುವುದಾದರೆ ಶ್ರೀಲಂಕಾದಿಂದ ನಾವು ಕಲಿಯಬೇಕಾದದ್ದಿದೆ.

ಕೊಲಂಬೊ ಪಕ್ಕದ ಮೊರಟುವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎರಡು ಸಾವಿರದ ದಶಕದಲ್ಲಿ ಮುಕ್ತ ತಂತ್ರಾಂಶದ ಅಂತರರಾಷ್ಟ್ರೀಯ ಯೋಜನೆಗಳಿಗೆ ನೇರವಾಗಿ ಕೋಡ್ ಬರೆಯತೊಡಗಿದರು. ಅಮೆರಿಕದಲ್ಲಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಸಂಜೀವ ವೀರವರಣ ಸ್ವದೇಶಕ್ಕೆ ಮರಳಿ 2003ರಲ್ಲಿ ಲಂಕಾ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಘಟನೆಯ ಯೋಜನೆಗಳಿಗೆ ಕೆಲಸ ಮಾಡಿದ ಅನುಭವದ ಮೇಲೆ 2005ರಲ್ಲಿ ‘ಡಬ್ಲ್ಯುಎಸ್‌ಒ2’ ಕಂಪನಿ ನಿಂತಿತು. ಬೇರೆಯವರ ಕೆಲಸ ಮಾಡಿಕೊಡದೆ ತನ್ನದೇ ಉತ್ಪನ್ನವನ್ನು ಜಗತ್ತಿಗೆ ಮಾರಿದ ಕಂಪನಿ ಅದು. 2024ರಲ್ಲಿ ಸ್ವೀಡನ್ ಮೂಲದ ಇಕ್ಯೂಟಿ ಹೂಡಿಕೆ ಸಂಸ್ಥೆ ಅದನ್ನು ಕೊಂಡಿತು. ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಮುಕ್ತ ತಂತ್ರಾಂಶ ಬರೆಸುವ ಗೂಗಲ್‌ನ ‘ಸಮ್ಮರ್ ಆಫ್ ಕೋಡ್’ ಕಾರ್ಯಕ್ರಮದ ಮೊದಲ ಹತ್ತು ವರ್ಷಗಳಲ್ಲಿ ಜಗತ್ತಿನ ಬೇರೆ ಯಾವುದೇ ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ್ದು ಮೊರಟುವಾ.

ಆ ಬಳಗದ ನಿಜವಾದ ಪರೀಕ್ಷೆ ನಡೆದದ್ದು 2004ರ ಡಿಸೆಂಬರ್ 26ರ ಸುನಾಮಿಯ ನಂತರ. ಯಾರು ಎಲ್ಲಿ ಕಾಣೆಯಾಗಿದ್ದಾರೆ, ಯಾವ ಶಿಬಿರದಲ್ಲಿ ಎಷ್ಟು ಜನರಿದ್ದಾರೆ, ಯಾವ ಸಂಘಸಂಸ್ಥೆ ಎಲ್ಲಿಗೆ ಏನು ಒಯ್ಯುತ್ತಿದೆ ಎಂಬುದನ್ನು ಒಂದೆಡೆ ದಾಖಲಿಸುವ ತಂತ್ರಾಂಶ ಆಗ ಅವರಿಗೆ ಸಿದ್ಧವಾಗಿ ಎಲ್ಲೂ ಸಿಗಲಿಲ್ಲ. ಸ್ವಯಂಸೇವಕ ಪ್ರೋಗ್ರಾಮರ್‌ಗಳು ಕೆಲವೇ ವಾರಗಳಲ್ಲಿ ಅದನ್ನು ಬರೆದರು, ‘ಸಹನ’ ಎಂದು ಹೆಸರಿಟ್ಟರು, ಮುಕ್ತವಾಗಿ ಹಂಚಿದರು. 2005ರ ಪಾಕಿಸ್ತಾನದ ಭೂಕಂಪದಲ್ಲಿ, 2006ರ ಇಂಡೊನೇಷ್ಯಾದ ಭೂಕಂಪದಲ್ಲಿ, 2010ರ ಹೈಟಿಯ ದುರಂತದಲ್ಲಿ ಅದು ಬಳಕೆಯಾಯಿತು. ದಕ್ಷಿಣ ಏಷ್ಯಾದಲ್ಲಿ ಹುಟ್ಟಿದ ತಂತ್ರಾಂಶಗಳಲ್ಲಿ ಮನುಷ್ಯರಿಗೆ ಇಷ್ಟು ನೇರವಾಗಿ ಒದಗಿಬಂದದ್ದು ಬೇರೊಂದಿದೆಯೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಬಾಂಗ್ಲಾದೇಶದ ಕಥೆ ಬೇರೆ ರೀತಿಯದು. ಕಾನ್ಪುರಕ್ಕೆ ಬಂದ ಮರುವರ್ಷವೇ, 1964ರಲ್ಲಿ, ಅದೇ ಮಾದರಿಯ ಐಬಿಎಂ 1620 ಯಂತ್ರ ಢಾಕಾದ ಪರಮಾಣು ಶಕ್ತಿ ಕೇಂದ್ರಕ್ಕೂ ಬಂದಿತ್ತು. ಆದರೆ ಅಲ್ಲಿನ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗ ಆರಂಭವಾದದ್ದು 1984ರಲ್ಲಿ. ಯಂತ್ರ ಬಂದರೂ ಅದರ ಸುತ್ತ ವಿದ್ಯಾರ್ಥಿಗಳು ಸೇರುವ ವ್ಯವಸ್ಥೆಗೆ ಇಪ್ಪತ್ತು ವರ್ಷ ಹಿಡಿಯಿತು. ಬಂಗಾಳಿಯನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ಬರೆಯುವ ‘ಅಭ್ರ’ ಕೀಲಿಮಣೆಯನ್ನು 2003ರಲ್ಲಿ ಕೊಟ್ಟವರು ಮೈಮನ್‌ಸಿಂಗ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಮೆಹದಿ ಹಸನ್ ಖಾನ್. ಅದನ್ನು ಉಚಿತವಾಗಿ ಹಂಚಿದ ಅವರಿಗೂ ಅವರ ತಂಡಕ್ಕೂ 2025ರಲ್ಲಿ ಆ ದೇಶದ ಉನ್ನತ ಗೌರವಗಳಲ್ಲೊಂದಾದ ಏಕುಶೆ ಪದಕ ಸಂದಿತು.

ಪಾಕಿಸ್ತಾನದಲ್ಲಿ ಗಮನ ಸೆಳೆಯುವುದು ಲಾಹೋರಿನಲ್ಲಿ ಸರ್ಮದ್ ಹುಸೇನ್ ಅವರ ನೇತೃತ್ವದಲ್ಲಿ ನಡೆದ ಭಾಷಾ ತಂತ್ರಜ್ಞಾನದ ಕೆಲಸ. ಕೆನಡಾದ ನೆರವಿನಿಂದ ಅವರು ನಡೆಸಿದ ‘ಪ್ಯಾನ್ ಲೋಕಲೈಸೇಶನ್’ ಯೋಜನೆಯಲ್ಲಿ ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಅಫ್ಘಾನಿಸ್ತಾನಗಳ ತಂಡಗಳು ಒಟ್ಟಾಗಿ ದುಡಿದವು. ನೇಪಾಳಿ ಲಿನಕ್ಸ್, ಭೂತಾನದ ಝೋಂಗ್‌ಖಾ ಲಿನಕ್ಸ್ ಎರಡೂ ಆ ಕಾಲದ ಫಲ. ಗಡಿಗಳ ಆಚೀಚೆ ಇಷ್ಟು ಶಾಂತವಾಗಿ ನಡೆದ ಸಹಕಾರ ನಮ್ಮ ಪ್ರದೇಶದಲ್ಲಿ ಅಪರೂಪ.

ಪ್ರಶ್ನೆ: ಈ ಸಂಶೋಧನೆಯಿಂದ ಕನ್ನಡಕ್ಕೆ ಏನಾದರೂ ಸಿಕ್ಕಿದೆಯೇ?
(ಕನ್ನಡ ಎಂ.ಎ. ವಿದ್ಯಾರ್ಥಿ, ಹಂಪಿ)

ನೀವು ಮೊಬೈಲಿನಲ್ಲಿ ‘ಕ’ ಎಂದು ಒತ್ತುವಾಗಲೆಲ್ಲ ಸಿಗುತ್ತಿದೆ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಆರ್.ಎಂ.ಕೆ. ಸಿನ್ಹಾ ಮತ್ತು ಅವರ ಸಂಗಡಿಗರು, ಭಾರತದ ಲಿಪಿಗಳು ನೋಡಲು ಬೇರೆಬೇರೆಯಾದರೂ ಅವುಗಳ ಅಕ್ಷರಮಾಲೆಯ ಕ್ರಮ ಒಂದೇ ಎಂಬುದನ್ನು ಆಧಾರವಾಗಿ ಇಟ್ಟುಕೊಂಡು ‘ಜಿಸ್ಟ್’ ತಂತ್ರಜ್ಞಾನವನ್ನು ಬೆಳೆಸಿದರು. ಅದು ಪುಣೆಯಲ್ಲಿರುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ಗೆ ಹೋಯಿತು. ಅದೇ ತಿಳಿವಳಿಕೆಯ ಮೇಲೆ ನಿಂತ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ‘ಇಸ್ಕಿ’ ಸಂಕೇತಕ್ರಮ 1991ರಲ್ಲಿ ಭಾರತೀಯ ಮಾನಕವಾಯಿತು, ಅದರ 1988ರ ರೂಪವನ್ನು ಜಗತ್ತಿನ ಲಿಪಿಗಳಿಗೆಲ್ಲ ಇಂಥದೇ ಸಂಖ್ಯೆ ಕೊಡುವ ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ವಿಭಾಗಗಳಿಗೆ ಆಧಾರವಾಗಿ ತೆಗೆದುಕೊಂಡಿತು. ಬೇಕಿದ್ದರೆ ನೀವೇ ಯೂನಿಕೋಡ್ ಪಟ್ಟಿ ತೆರೆದು ಖಾಲಿ ಮನೆಗಳನ್ನೂ ಸೇರಿಸಿ ಎಣಿಸಿ ನೋಡಿ: ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ, ಮಲಯಾಳಂ, ಪ್ರತಿಯೊಂದು ವಿಭಾಗದಲ್ಲೂ ‘ಕ’ ಇರುವುದು 22ನೇ ಸ್ಥಾನದಲ್ಲೇ. ಲಿಪ್ಯಂತರ ತಂತ್ರಾಂಶಗಳು ಒಂದು ಲಿಪಿಯಿಂದ ಇನ್ನೊಂದಕ್ಕೆ ಇಷ್ಟು ಸಲೀಸಾಗಿ ದಾಟುವುದಕ್ಕೆ ಇದೊಂದು ಕಾರಣ.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಮುದ್ರಿತ ಕನ್ನಡ ಪುಟವನ್ನು ಓದಬಲ್ಲ ‘ಲಿಪಿ ಜ್ಞಾನಿ’ ತಂತ್ರಾಂಶವನ್ನು ರೂಪಿಸಿದೆ. ಅದೇ ಸಂಸ್ಥೆಯ ‘ವಾಣಿ’ ಯೋಜನೆ ಗೂಗಲ್ ನೆರವಿನಿಂದ ಜಿಲ್ಲೆಜಿಲ್ಲೆಗಳ ಆಡುಮಾತಿನ ಧ್ವನಿಯನ್ನು ಸಂಗ್ರಹಿಸಿ ಮುಕ್ತವಾಗಿ ಕೊಡುತ್ತಿದೆ. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 2023ರಲ್ಲಿ ಹೊರತಂದ ಅನುವಾದ ವ್ಯವಸ್ಥೆ ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು ಒಳಗೊಂಡಿದೆ, ಮತ್ತು ಯಾರು ಬೇಕಾದರೂ ಬಳಸಬಹುದು. ಈ ಕೆಲಸಕ್ಕೆ ನಿಮ್ಮಂಥ ಕನ್ನಡ ವಿದ್ಯಾರ್ಥಿಗಳು ಬೇಕು. ಕಲಬುರಗಿಯ ಮಾತನ್ನೋ ಕುಂದಾಪುರದ ಮಾತನ್ನೋ ಯಂತ್ರ ತಪ್ಪಾಗಿ ಬರೆದುಕೊಂಡರೆ ಅದನ್ನು ಗುರುತಿಸುವುದು ಭಾಷೆ ಬಲ್ಲವರಿಗೆ ಮಾತ್ರ ಸಾಧ್ಯ.

ಪ್ರಶ್ನೆ: ಬಹುರಾಷ್ಟ್ರೀಯ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಅವುಗಳ ಪೇಟೆಂಟ್‌ಗಳನ್ನು ನಮ್ಮ ಸಾಧನೆ ಎನ್ನಬಹುದೇ?
(ಓದುಗರು, ಹುಬ್ಬಳ್ಳಿ)

ಕೆಲಸ ಮಾಡಿದ ಕೈ ನಮ್ಮದು, ಒಡೆತನ ಮಾತೃಸಂಸ್ಥೆಯದು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ಬಲ್ಲ ಒಂದು ಪೀಳಿಗೆಯೇ ಇಲ್ಲಿ ತಯಾರಾಯಿತು, ಇಂದಿನ ಅನೇಕ ಸ್ವದೇಶಿ ಚಿಪ್ ಕಂಪನಿಗಳ ಸ್ಥಾಪಕರು ಅಂಥ ಕಡೆ ಪಳಗಿದವರು. ಆ ಲಾಭ ನಿಜ. ಆದರೆ ಪೇಟೆಂಟಿನಿಂದ ಬರುವ ಹಣದ ಲೆಕ್ಕ ಬೇರೆ ಊರಿನಲ್ಲಿ ಬರೆಯಲಾಗುತ್ತದೆ.

ಪ್ರಶ್ನೆ: ಸಂಶೋಧನೆಗೆ ಹಣ ಕೊಡಬೇಕಾದವರು ಯಾರು, ಸರ್ಕಾರವೋ ಕಂಪನಿಗಳೋ?
(ಲೆಕ್ಕ ಪರಿಶೋಧಕರು, ಮಂಗಳೂರು)

ಇಬ್ಬರೂ. ಭಾರತ ತನ್ನ ಒಟ್ಟು ದೇಶೀಯ ಉತ್ಪನ್ನದ ಸುಮಾರು 0.64 ಶೇಕಡವನ್ನು ಮಾತ್ರ ಸಂಶೋಧನೆಗೆ ವೆಚ್ಚ ಮಾಡುತ್ತದೆ. ಚೀನಾದಲ್ಲಿ ಅದು ಶೇಕಡ 2ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾದಲ್ಲಿ ಶೇಕಡ 4ಕ್ಕಿಂತ ಹೆಚ್ಚು. ಅಲ್ಲೆಲ್ಲ ಬಹುಪಾಲು ಹಣ ಕಂಪನಿಗಳದು, ನಮ್ಮಲ್ಲಿ ಖಾಸಗಿ ವಲಯದ ಪಾಲು ಮೂರನೇ ಒಂದಂಶದ ಆಸುಪಾಸಿನಲ್ಲಿದೆ. ನೀವು ಲೆಕ್ಕ ಪರಿಶೋಧಕರಾದ್ದರಿಂದ ಆದಾಯ ತೆರಿಗೆಯ ಕಥೆ ನಿಮಗೆ ಗೊತ್ತಿರುತ್ತದೆ: ಕಂಪನಿಗಳ ಆಂತರಿಕ ಸಂಶೋಧನಾ ವೆಚ್ಚಕ್ಕೆ ಸಿಗುತ್ತಿದ್ದ ಶೇಕಡ 200ರ ವಿನಾಯಿತಿ (ನೂರು ರೂಪಾಯಿ ಖರ್ಚಿಗೆ ಇನ್ನೂರು ರೂಪಾಯಿಯನ್ನು ತೆರಿಗೆಯ ಆದಾಯದಿಂದ ಕಳೆಯುವ ಅವಕಾಶ) 2017ರಲ್ಲಿ 150ಕ್ಕೂ 2020ರಲ್ಲಿ 100ಕ್ಕೂ ಇಳಿಯಿತು. 2023ರ ಕಾಯ್ದೆಯಂತೆ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಹೇಳಲಾಯಿತು, ಆದರೆ ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆಯಿತ್ತು. ರಾಜ್ಯ ವಿಶ್ವವಿದ್ಯಾಲಯಗಳನ್ನು ಸಂಶೋಧನೆಗೆ ಕರೆತರುವುದು ಅದರ ಘೋಷಿತ ಗುರಿಗಳಲ್ಲೊಂದು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಗುರಿ ಅದೇ. ಏಕೆಂದರೆ ನಮ್ಮ ಹೆಚ್ಚಿನ ಮಕ್ಕಳು ಓದುತ್ತಿರುವುದು ಅಲ್ಲಿ.

ಕಂಪನಿಗಳ ಹಿರಿಯರು ವೈಯಕ್ತಿಕವಾಗಿ ಕೊಟ್ಟಿರುವುದನ್ನು ಮರೆಯಬಾರದು. ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರಕ್ಕೆ ಇನ್ಫೋಸಿಸ್‌ನ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಕುಟುಂಬ ಕೊಟ್ಟ ದೇಣಿಗೆ, ಎಐ4ಭಾರತ್ ತಂಡಕ್ಕೆ ನಿಲೇಕಣಿ ಕುಟುಂಬ ಕೊಟ್ಟ ದೇಣಿಗೆ ದೊಡ್ಡವು. ಆದರೆ ದೇಣಿಗೆ ಎಂಬುದು ಗೌರವದಿಂದ ಕೊಟ್ಟು ದೂರ ನಿಲ್ಲುವ ಸಂಬಂಧ. ಕಂಪನಿಯೊಂದು ತನಗೆ ಬಗೆಹರಿಯದ ಸಮಸ್ಯೆಯನ್ನು ತಂದು, ಮೂರು ವರ್ಷದ ಹಣವನ್ನೂ ತನ್ನ ಇಬ್ಬರು ಇಂಜಿನಿಯರ್‌ಗಳನ್ನೂ ಪ್ರಯೋಗಾಲಯದಲ್ಲಿ ಕೂರಿಸುವುದು ಬೇರೆ ಬಗೆಯ ಸಂಬಂಧ, ನಮಗೆ ಹೆಚ್ಚು ಬೇಕಾಗಿರುವುದು ಅದು.

ಪ್ರಶ್ನೆ: ನನ್ನ ಅಂತಿಮ ವರ್ಷದ ವಿದ್ಯಾರ್ಥಿಗಳು ತೊಗರಿ ಬೆಳೆಯ ರೋಗವನ್ನು ಗುರುತಿಸುವ ಒಂದು ಸಣ್ಣ ಸಾಧನ ಮತ್ತು ಅದರ ತಂತ್ರಾಂಶವನ್ನು ಮಾಡಿದ್ದಾರೆ. ಮೊದಲು ಪ್ರಬಂಧ ಪ್ರಕಟಿಸಬೇಕೋ ಪೇಟೆಂಟ್‌ಗೆ ಅರ್ಜಿ ಹಾಕಬೇಕೋ? ಖರ್ಚು ಎಷ್ಟಾಗುತ್ತದೆ?
(ಇಂಜಿನಿಯರಿಂಗ್ ಕಾಲೇಜು ಉಪನ್ಯಾಸಕಿ, ಕಲಬುರಗಿ)

ಮೇಡಂ, ಪೇಟೆಂಟ್ ಬೇಕೆಂದಿದ್ದರೆ ಅರ್ಜಿ ಮೊದಲು, ಪ್ರಬಂಧ ಆಮೇಲೆ. ನಮ್ಮ ಕಾಯ್ದೆಯಲ್ಲಿ ಒಮ್ಮೆ ಬಹಿರಂಗವಾದ ವಿಚಾರ ಹೊಸತನವನ್ನು ಕಳೆದುಕೊಳ್ಳುತ್ತದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಮಂಡಿಸಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಿಗೆ 12 ತಿಂಗಳ ರಿಯಾಯಿತಿ ಇದೆ. ಕಾಲೇಜಿನ ಟೆಕ್ ಫೆಸ್ಟ್ ಅಧಿಸೂಚಿತ ಪ್ರದರ್ಶನವಲ್ಲ. ವಿದ್ಯಾರ್ಥಿಗಳು ಉತ್ಸಾಹದಿಂದ ಸಾಧನದ ಒಳವಿವರಗಳನ್ನೆಲ್ಲ ಯೂಟ್ಯೂಬಿಗೆ ಹಾಕಿಬಿಡುವ ಅಪಾಯವೂ ಇದೆ, ಅದನ್ನು ಇಂದೇ ಹೇಳಿಬಿಡಿ.

ಕಂಪ್ಯೂಟರ್ ಪ್ರೋಗ್ರಾಂ ಮತ್ತು ಆಲ್ಗಾರಿದಮ್‌ಗಳಿಗೆ ಅವುಗಳಷ್ಟಕ್ಕೆ ಪೇಟೆಂಟ್ ಸಿಗುವುದಿಲ್ಲವೆಂದು ಕಾಯ್ದೆಯ 3(ಕೆ) ಕಲಂ ಹೇಳುತ್ತದೆ. ಕೇವಲ ಎಲೆಯ ಚಿತ್ರ ನೋಡಿ ರೋಗ ಹೇಳುವ ತಂತ್ರಾಂಶವೆಂದು ಬರೆದರೆ ಆಕ್ಷೇಪ ಬರುವ ಸಂಭವ ಹೆಚ್ಚು. ಸಾಧನದಲ್ಲಿ ಬೆಳಕನ್ನು ಅಳೆಯುವ ವ್ಯವಸ್ಥೆ ಯಾವುದು, ಬಿಸಿಲಿನ ಏರುಪೇರನ್ನು ಅದು ಹೇಗೆ ಸರಿದೂಗಿಸುತ್ತದೆ, ಅದರಿಂದ ಅಳತೆ ಎಷ್ಟು ಸುಧಾರಿಸುತ್ತದೆ ಎಂಬಂಥ ತಾಂತ್ರಿಕ ಪರಿಣಾಮವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ತೋರಿಸಬೇಕು. ಕೋಡ್‌ಗೆ ಹೇಗಿದ್ದರೂ ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಇರುತ್ತದೆ.

ಕೆಲಸ ಇನ್ನೂ ಪೂರ್ತಿಯಾಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಕಾಯ್ದಿರಿಸಿಕೊಳ್ಳಬಹುದು, ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. 2021ರ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರಷ್ಟು ಕಡಿತವಿದ್ದು, ಆನ್‌ಲೈನ್ ಅರ್ಜಿಯ ಮೂಲ ಶುಲ್ಕ 8,000 ರೂಪಾಯಿಯ ಬದಲು 1,600 ರೂಪಾಯಿ. ಕರಡು ಬರೆಯುವ ಪೇಟೆಂಟ್ ಏಜೆಂಟರ ಸಂಭಾವನೆ ಪ್ರತ್ಯೇಕ, ದೊಡ್ಡ ಖರ್ಚು ಅದೇ. ಅರ್ಜಿ ಹಾಕಿದ ಮಾತ್ರಕ್ಕೆ ಪರಿಶೀಲನೆ ಆರಂಭವಾಗುವುದಿಲ್ಲ, 31 ತಿಂಗಳೊಳಗೆ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಬೇಕು. ಕಾಲೇಜುಗಳ ಶ್ರೇಯಾಂಕಕ್ಕೆ ಪ್ರಕಟಿತ ಪೇಟೆಂಟ್‌ಗಳೂ ಲೆಕ್ಕಕ್ಕೆ ಬರುವುದರಿಂದ ಅರ್ಜಿ ಹಾಕಿ, 18 ತಿಂಗಳ ನಂತರವೋ ಕೋರಿಕೆಯ ಮೇರೆಗೆ ಮುಂಚೆಯೋ ಅದು ಪ್ರಕಟವಾದ ಮೇಲೆ ಕೈಬಿಡುವ ಪದ್ಧತಿ ಕೆಲವೆಡೆ ಬೆಳೆದಿದೆ. ಅದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ, ಏಕೆಂದರೆ ವಿಚಾರ ಬಹಿರಂಗವಾಗಿರುತ್ತದೆ, ಹಕ್ಕು ಮಾತ್ರ ಸಿಕ್ಕಿರುವುದಿಲ್ಲ. ಅರ್ಜಿಯಲ್ಲಿ ಆವಿಷ್ಕಾರಕರ ಹೆಸರಿನ ಕೆಳಗೆ ಆ ವಿದ್ಯಾರ್ಥಿಗಳೆಲ್ಲರ ಹೆಸರೂ ಇರಲಿ. ಒಡೆತನ ಕಾಲೇಜಿನದೋ ಅವರದೋ ಎಂಬುದನ್ನು ಅವರು ಪದವಿ ಮುಗಿಸಿ ಹೊರಡುವ ಮೊದಲೇ ಬರಹದಲ್ಲಿ ಮಾಡಿಕೊಳ್ಳಿ.

ಇನ್ನೊಂದು ಮಾತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಧನಸಹಾಯ ಕೊಡುತ್ತಾ ಬಂದಿದೆ, ಅಲ್ಲಿ ಪೇಟೆಂಟ್ ಕುರಿತು ಮಾರ್ಗದರ್ಶನವೂ ಸಿಗುತ್ತದೆ. ಪ್ರಸ್ತಾವನೆಯನ್ನು ಕಾಲೇಜಿನ ಮೂಲಕವೇ ಕಳಿಸಬೇಕು. ಸುತ್ತೋಲೆ ಪ್ರಾಂಶುಪಾಲರ ಕಚೇರಿಗೆ ಬಂದು ಅಲ್ಲೇ ಉಳಿದುಬಿಡುವುದುಂಟು, ಆದ್ದರಿಂದ ಶೈಕ್ಷಣಿಕ ವರ್ಷದ ಆರಂಭದಿಂದಲೇ ಕಚೇರಿಯಲ್ಲಿ ವಿಚಾರಿಸುತ್ತಿರಿ. ಸಾಧನವನ್ನು ಹೊಲದಲ್ಲಿ ಪರೀಕ್ಷಿಸಲು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ತೊಗರಿ ವಿಜ್ಞಾನಿಗಳನ್ನು ಕಾಣಿ, ಆದರೆ ವಿವರ ಹಂಚಿಕೊಳ್ಳುವ ಮುನ್ನ ತಾತ್ಕಾಲಿಕ ಅರ್ಜಿ ಸಲ್ಲಿಕೆಯಾಗಿರಲಿ.